ಅಸ್ತಮಾನಕ್ಕೆ ಮುನ್ನ ಒಂದು ಪಂಕ್ತಿ

ಬಿಡುವಿನ ದಿನವನ್ನು ಸಾರ್ಥಕಗೊಳಿಸುವುದೆಂದರೆ ಅದನ್ನು ತುಂಬುವುದೇ? ಇಲ್ಲವೇ ಅದಕ್ಕೊಂದು ಮಿತಿಯನ್ನು ವಿಧಿಸಿಕೊಳ್ಳುವುದೇ? ಗೃಹಸ್ಥರು ವಿಚಾರಿಸಬೇಕಾದ ಪ್ರಶ್ನೆಯಿದು.

ಬೆಂಗಳೂರಿನಲ್ಲಿ ಜೂನ್ ಕೊನೆಯಲ್ಲಿ ಸೂರ್ಯನು ಮುಳುಗುವಾಗ ಗಂಟೆ 6-45 ದಾಟಿರುತ್ತದೆ. ನವೆಂಬರ್ ಕೊನೆಯಲ್ಲಿ 6ಕ್ಕೆ ಮೊದಲೇ ಅಸ್ತಮಾನ. ರಾತ್ರಿಭೋಜನವನ್ನು ತ್ಯಜಿಸಿ, ಅಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವ ಅಜ್ಜಿಯಿರುವ ಮನೆಗೆ ಈ ಅಂತರವು ಸಣ್ಣದಲ್ಲ. ಮಗನೂ ಸೊಸೆಯೂ ಕಚೇರಿಯಿಂದ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಅಜ್ಜಿ ಒಬ್ಬರೇ ಕುಳಿತು ಉಂಡಿರುತ್ತಾರೆ. ಉಳಿಯುವುದು ಶನಿವಾರ, ಭಾನುವಾರ. ಅವೂ ನಂದಿಬೆಟ್ಟ, ಸಿನಿಮಾ, ಪೇಟೆಗಳಲ್ಲಿ ಕಳೆದರೆ ಎಲ್ಲರೂ ಮರಳುವುದು ದೀಪ ಹಚ್ಚಿದ ಮೇಲೆಯೇ. ಆಗ ಭಾನುವಾರವೂ ಅಜ್ಜಿಯದು ಒಂಟಿ ಎಲೆ.

ವ್ರತವು ಅವರವರದು. ಅಜ್ಜಿ ಅದನ್ನು ಯಾರ ಮೇಲೂ ಹೇರಲಾರರು. ಹೇರಿದರೆ ಅದು ಸಂಯಮವಾಗದು. ತಾಯಿಯ ಜೊತೆಗೆಂದು ಬೇಗ ಉಂಡ ಮಾತ್ರಕ್ಕೆ ಮಗನು ವ್ರತಿಯೂ ಆಗನು. ಆದರೂ ನಾಲ್ಕು ಗಂಟೆಗೆ ಮನೆ ಸೇರಬೇಕೆಂದು ಒಂದು ಸುತ್ತಾಟವನ್ನು ಕೈಬಿಟ್ಟವನು, ಭೋಗೋಪಭೋಗ ಪರಿಮಾಣವ್ರತದ ಮೊದಲ ಪಾಠವನ್ನು ತನಗರಿವಿಲ್ಲದೆಯೇ ಕಲಿಯುತ್ತಾನೆ: ಸುಖಕ್ಕೂ ಅಳತೆಯುಂಟು. ಬಿಟ್ಟುಕೊಟ್ಟ ಸುಖದ ಸ್ಥಾನದಲ್ಲಿ ಅವನಿಗೆ ದೊರೆಯುವುದು ಬಿಸಿ ಅನ್ನ, ಹೊಸ ಅವರೆಕಾಳಿನ ಹುಳಿ, ತಾಯಿ ಮಕ್ಕಳು ಮೊಮ್ಮಕ್ಕಳೆಲ್ಲ ಕುಳಿತ ಒಂದೇ ಪಂಕ್ತಿ.

ಚಳಿಗಾಲದ ಹಗಲು ಚಿಕ್ಕದು. ವೃದ್ಧರ ಪಾಲಿಗೆ ಉಳಿದಿರುವ ಚಳಿಗಾಲಗಳೂ ಹೆಚ್ಚಲ್ಲ. ಇವೆರಡನ್ನೂ ನೆನೆಯುವ ಗೃಹಸ್ಥನು ಹೊತ್ತು ಮುಳುಗುವ ಮುನ್ನವೇ ಮನೆಗೆ ಬರುವನು.