ಹೆಸರೆಂಬ ವೇಷ

ನಮ್ಮ ಓದುಗರ ಸಂಘದ ಕೋಶಾಧಿಕಾರಿಗಳಿಗೆ ಒಂದು ಬೆಳಿಗ್ಗೆ ಅಧ್ಯಕ್ಷರ ಹೆಸರಿನಲ್ಲಿ ಇಮೇಲ್ ಬಂದಿತು: ತಾವು ಸಭೆಯಲ್ಲಿರುವುದಾಗಿಯೂ, ಫೋನ್ ಮಾಡಬಾರದೆಂದೂ, ರೋಗಿಯೊಬ್ಬರ ಸಹಾಯಾರ್ಥವಾಗಿ ಐದು ಸಾವಿರ ರೂಪಾಯಿಯ ಗಿಫ್ಟ್ ಕಾರ್ಡುಗಳನ್ನು ಕೊಂಡು ಅವುಗಳ ಸಂಖ್ಯೆಯನ್ನು ಒಡನೆಯೇ ತಿಳಿಸಬೇಕೆಂದೂ ಅದರಲ್ಲಿತ್ತು. ಅವರು ತಿಳಿಸಿಯೂ ಬಿಟ್ಟರು. ಹೆಸರು ಅಧ್ಯಕ್ಷರದೇ, ವಿಳಾಸದಲ್ಲಿ ಮಾತ್ರ ಒಂದಕ್ಷರ ಹೆಚ್ಚಿತ್ತು.

ಒಂದನ್ನು ಇನ್ನೊಂದೆಂದು ಬಗೆಯುವ ಇಂಥ ಭ್ರಾಂತಿಯನ್ನು, ಎಂದರೆ ಅಧ್ಯಾಸವನ್ನು, ವಿವರಿಸುವಾಗ ಶಂಕರರು ಚಿಪ್ಪಿನಲ್ಲಿ ಬೆಳ್ಳಿಯನ್ನು ಕಾಣುವ ದೃಷ್ಟಾಂತವನ್ನು ಕೊಡುತ್ತಾರೆ. ಆದರೆ ಆ ಚಿಪ್ಪಿಗೆ ವಂಚಿಸುವ ಇಚ್ಛೆಯಿಲ್ಲ, ಭ್ರಾಂತಿಯೆಲ್ಲ ನೋಡುವವನದು. ಇಲ್ಲಿಯಾದರೋ ಚಿಪ್ಪೇ ಬೆಳ್ಳಿಯ ವೇಷ ತೊಟ್ಟು ಬಾಗಿಲಿಗೆ ಬಂದಿದೆ. ಆದುದರಿಂದ ಪಂಚವಟಿಯ ಪ್ರಸಂಗವೇ ಇದಕ್ಕೆ ಹೆಚ್ಚು ಸಮೀಪವೆಂದು ನನಗೆ ತೋರುತ್ತದೆ: ಯತಿವೇಷದ ರಾವಣನು ಬಳಸಿಕೊಂಡದ್ದು ಸೀತೆಯ ದೌರ್ಬಲ್ಯವನ್ನಲ್ಲ, ಅತಿಥಿಸತ್ಕಾರವೆಂಬ ಅವಳ ಧರ್ಮವನ್ನು. ಅದಕ್ಕೇ ಕೋಶಾಧಿಕಾರಿಗಳನ್ನು ಕಂಡು ನಕ್ಕ ಸದಸ್ಯರ ನಗೆ ನನಗೆ ಸಹ್ಯವಾಗಲಿಲ್ಲ.

ಈ ವೇಷಕ್ಕೆ ಇಮೇಲಿನ ವ್ಯವಸ್ಥೆಯಲ್ಲೇ ಎಡೆಯಿದೆ: 1982ರಲ್ಲಿ ಪ್ರಕಟವಾದ ಇಮೇಲ್ ರವಾನೆಯ ನಿಯಮಾವಳಿಯು ಕಳುಹಿಸಿದವನ ಹೆಸರು ನಿಜವೇ ಎಂದು ಪರೀಕ್ಷಿಸುತ್ತಿರಲಿಲ್ಲ; ತರುವಾಯ ಸೇರಿದ ಪರೀಕ್ಷೆಗಳೂ ವಿಳಾಸದ ಮೂಲವನ್ನು ನೋಡುವವೇ ಹೊರತು, ಮೇಲೆ ಮೆರೆಯುವ ಹೆಸರನ್ನಲ್ಲ. ಹಾಗಾದರೆ ಸ್ನೇಹಿತರನ್ನು ಸಂದೇಹಿಸುವುದು ಪಾಪವೆ? ಗೌತಮನ ನ್ಯಾಯಸೂತ್ರವು ತನ್ನ ಹದಿನಾರು ಪದಾರ್ಥಗಳಲ್ಲಿ ಸಂಶಯಕ್ಕೂ ಸ್ಥಾನ ಕೊಟ್ಟಿದೆ. ಅಲ್ಲಿ ಅದು ಅವಿಶ್ವಾಸವಲ್ಲ, ವಿಚಾರದ ಹೊಸ್ತಿಲು.

ಹಣದ ಕೋರಿಕೆ ಯಾರ ಹೆಸರಿನಲ್ಲಿ ಬಂದರೂ ಮೊದಲಿನಿಂದ ಬಲ್ಲ ಸಂಖ್ಯೆಗೆ ಫೋನ್ ಮಾಡಿ ಕೇಳಿದ ಹೊರತು ಒಂದು ಕಾಸೂ ಹೊರಡದೆಂದು ಸಂಘವು ಈಗ ಗೊತ್ತುಮಾಡಿದೆ. ಹಣ ಕಳೆದುಕೊಂಡವರು ನಾಚಿ ಮರೆಮಾಚದೆ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆ ಮಾಡಲಿ.