ರೇಖೆ ಯಾರ ಸ್ವತ್ತು?

ಕಲಾವಿದನ ರೇಖೆ ಪೂರ್ತಿ ಅವನದೇ ಆಗಿರಬೇಕೆಂಬುದು ಈ ಕಾಲದ ಹಟ. ಪರಂಪರೆ ಹಾಗೆ ಭಾವಿಸಲಿಲ್ಲ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಮೂರ್ತಿ ಮಾಡುವ ಬಗೆ ಕೇಳಿದ ವಜ್ರರಾಜನಿಗೆ ಮಾರ್ಕಂಡೇಯ, ಮೊದಲು ಚಿತ್ರ, ಅದಕ್ಕೂ ಮೊದಲು ನೃತ್ಯ, ವಾದ್ಯ, ಗಾಯನ ತಿಳಿಯಬೇಕೆನ್ನುತ್ತಾನೆ. ಕಲೆಗೆ ಋಣ ಹುಟ್ಟಿನಿಂದಲೇ ಬಂದದ್ದು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರೇ ಸಾಕ್ಷಿ: ಯಕ್ಷಗಾನದ ನಾಡಿನವರು, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಪಾಶ್ಚಾತ್ಯ ಕ್ರಮ ಕಲಿತರು, ಜೈನ ಹಸ್ತಪ್ರತಿಗಳ ಚಿತ್ರಗಳನ್ನೂ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್‌ರನ್ನೂ ಅರಗಿಸಿಕೊಂಡರು, ಲಯ ಮೈಗೂಡಲೆಂದು ಕಥಕ್ಕನ್ನೂ ಅಭ್ಯಾಸ ಮಾಡಿದರು.

ಇಷ್ಟೆಲ್ಲ ಸಾಲವಾದರೆ ಸ್ವಂತದ್ದೇನು? ಆಕ್ಷೇಪ ಹಗುರವಲ್ಲ, ನಕಲಿಗೂ ಇದೇ ನೆಪ ಸಾಕಲ್ಲ! ಆದರೆ ನಕಲು ಸಿಕ್ಕಿದ್ದನ್ನೆಲ್ಲ ಇಟ್ಟುಕೊಳ್ಳುತ್ತದೆ. ನಾಲ್ಕಾರು ಗೆರೆಗಳಲ್ಲಿ ನರ್ತಕಿಯನ್ನು ಕುಣಿಸಿದ ಹೆಬ್ಬಾರರು ಕಲಿತದ್ದರಲ್ಲಿ ಬಹುಪಾಲನ್ನು ಬಿಟ್ಟುಕೊಟ್ಟರು. ಕರ್ತೃವಿರುವುದು ಆ ಬಿಡುವಿಕೆಯಲ್ಲಿ. ಪ್ರಭಾವ ಸೋಕದ ಕೈ ಬೇಕೆನ್ನುವ ವಿಮರ್ಶೆ ಅವರ ರೇಖೆಯ ಮುಂದೆ ನಿಲ್ಲಲಾರದು.