ಬೆನ್ನ ಹಿಂದಿನ ಆಕಾಶ

ಮಳೆಗಾಲ ಮುಗಿಯುವ ದಿನಗಳಲ್ಲಿ ಪಣಂಬೂರಿನ ಕಡಲ ತೀರದಲ್ಲಿ ಸಂಜೆ ನಿಂತರೆ ಕೆಲವೊಮ್ಮೆ ಅಪರೂಪದ ನೋಟವೊಂದು ಸಿಗುತ್ತದೆ. ಸೂರ್ಯ ಮುಳುಗಿದ ಮೇಲೂ ಮೋಡಗಳ ಸಂದಿಯಿಂದ ಬೆಳಕಿನ ಕಿರಣಗಳು ಬೀಸಣಿಗೆಯಂತೆ ಆಕಾಶಕ್ಕೆ ಹರಡುತ್ತವೆ. ಎಲ್ಲರ ಕೈಯಲ್ಲೂ ಮೊಬೈಲ್ ಮೇಲೇಳುತ್ತದೆ. ಮಗ್ರಿಬ್ ನಮಾಝ್ ಮುಗಿಯುವಷ್ಟರಲ್ಲಿ ಆ ಚಿತ್ರಗಳು ಊರೂರು ತಲುಪಿರುತ್ತವೆ.

ಚಿತ್ರ ಸುಳ್ಳಲ್ಲ. ಆದರೆ ಕಿರಣಗಳು ನಿಜವಾಗಿ ಹಾಗೆ ಹರಡಿಲ್ಲ. ಸುಮಾರು 15 ಕೋಟಿ ಕಿಲೋಮೀಟರ್ ದೂರದ ಸೂರ್ಯನಿಂದ ಬರುವ ಅವು ಹೆಚ್ಚುಕಡಿಮೆ ಸಮಾನಾಂತರವಾಗಿಯೇ ಸಾಗುತ್ತವೆ. ರೈಲು ಹಳಿಗಳು ದೂರದಲ್ಲಿ ಕೂಡಿದಂತೆ ಕಾಣುವ ಹಾಗೆ, ಇವೂ ಒಂದೇ ಬಿಂದುವಿನಿಂದ ಹೊರಟಂತೆ ಕಾಣುತ್ತವೆ. ನಡುವಿನ ಕಪ್ಪು ಪಟ್ಟಿಗಳು ಮೋಡಗಳ ನೆರಳು.

ಅದೇ ಹೊತ್ತಿಗೆ ಕಡಲಿಗೆ ಬೆನ್ನು ಮಾಡಿ ಪೂರ್ವಕ್ಕೆ ನೋಡಿದರೆ, ಅವೇ ಕಿರಣಗಳು ತಲೆಯ ಮೇಲಿಂದ ಹಾದು ಅತ್ತ ಮತ್ತೆ ಒಂದೆಡೆ ಕೂಡುವಂತೆ ಮಸುಕಾಗಿ ಕಾಣುವುದುಂಟು. ಪಶ್ಚಿಮವನ್ನಷ್ಟೇ ನೋಡಿದವನು ಹರಡುತ್ತವೆ ಎನ್ನುತ್ತಾನೆ. ಪೂರ್ವವನ್ನಷ್ಟೇ ನೋಡಿದವನು ಕೂಡುತ್ತವೆ ಎನ್ನುತ್ತಾನೆ. ಇಬ್ಬರ ಕಣ್ಣೂ ಮೋಸ ಮಾಡಿಲ್ಲ.

ಹಾಗಾದರೆ ತಪ್ಪಿದ್ದೆಲ್ಲಿ? ಬಸ್ರಾದಲ್ಲಿ 965ರ ಸುಮಾರಿಗೆ ಹುಟ್ಟಿದ ಇಬ್ನುಲ್ ಹೈಸಮ್, ತಮ್ಮ 'ಕಿತಾಬುಲ್ ಮನಾಝಿರ್' ಗ್ರಂಥದ ಒಂದು ಭಾಗವನ್ನೇ ದೃಷ್ಟಿಯ ತಪ್ಪುಗಳಿಗೆ ಮೀಸಲಿಟ್ಟರು. ಕಣ್ಣು ಬೆಳಕು, ಬಣ್ಣಗಳನ್ನು ಪಡೆಯುತ್ತದೆ. ಕಂಡದ್ದು ಏನೆಂದು ತೀರ್ಮಾನಿಸುವುದು ಮನಸ್ಸು. ಎಷ್ಟೋ ತಪ್ಪುಗಳು ಆ ತೀರ್ಮಾನದಲ್ಲೇ ಹುಟ್ಟುತ್ತವೆ ಎಂಬುದು ಅವರ ವಿವರಣೆಯ ತಿರುಳು.

ಆಕಾಶದ ವಿಷಯದಲ್ಲಿ ಇಂಥ ತಪ್ಪಿನಿಂದ ಯಾರಿಗೂ ನಷ್ಟವಿಲ್ಲ. ಮನುಷ್ಯರ ವಿಷಯ ಹಾಗಲ್ಲ. ಬೀದಿ ಜಗಳದ್ದೋ, ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತ ಹುಡುಗ ಹುಡುಗಿಯದೋ ಚಿತ್ರವೊಂದು ಮೊಬೈಲಿಗೆ ಬರುತ್ತದೆ. ಚಿತ್ರ ನಿಜವೇ ಇರಬಹುದು. ಅದರ ಕೆಳಗಿನ ಎರಡು ಸಾಲು ಮಾತ್ರ ಯಾರದೋ ತೀರ್ಮಾನ. ನಾವು ಎರಡನ್ನೂ ಒಂದೇ ಎಂದು ನಂಬಿ ಮುಂದೆ ಕಳುಹಿಸುತ್ತೇವೆ. ನಮ್ಮವರ ಬಗ್ಗೆ ಯಾರಾದರೂ ಹೀಗೆ ಮಾಡಿದರೆ ಅನ್ಯಾಯವೆಂದು ಕೂಗುತ್ತೇವೆ. ಇತರರ ಬಗ್ಗೆ ನಾವೇ ಮಾಡುವಾಗ ಅಳುಕುವುದಿಲ್ಲ.

ಚಿತ್ರ ಹಂಚುವುದೆಂದರೆ ಸಾಕ್ಷಿ ನುಡಿದಂತೆ. ಬಂದ ಸುದ್ದಿಯನ್ನು ವಿಚಾರಿಸಿ ಖಚಿತಪಡಿಸಿಕೊಳ್ಳಬೇಕೆಂಬ ಕುರ್‌ಆನಿನ ತಾಕೀತು ನಮಗೆ ಹೊಸದಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಕನ್ನಡದ ಗಾದೆಯೂ ಅದನ್ನೇ ಹೇಳುತ್ತದೆ. ಆದರೆ ಪರಿಶೀಲನೆ ಎಂದರೆ ಚಿತ್ರ ಅಸಲಿಯೋ ನಕಲಿಯೋ ಎಂದು ನೋಡುವುದಷ್ಟೇ ಅಲ್ಲ. ತೆಗೆದವನು ಎಲ್ಲಿ ನಿಂತಿದ್ದ, ಅವನ ಬೆನ್ನ ಹಿಂದೆ ಏನಿತ್ತು ಎಂದು ಕೇಳುವುದೂ ಹೌದು.

ಸಂಜೆಯ ಕಿರಣಗಳ ಚಿತ್ರ ತೆಗೆಯೋಣ. ತೆಗೆದ ಮೇಲೆ ಒಮ್ಮೆ ಪೂರ್ವಕ್ಕೂ ತಿರುಗೋಣ. ಅಲ್ಲೇನೂ ಕಾಣದಿದ್ದರೂ ಚಿಂತೆಯಿಲ್ಲ, ತಿರುಗಿ ನೋಡುವ ಅಭ್ಯಾಸವಾದರೂ ಉಳಿದೀತು.